ಯಾನಾಗಿಯವರ ಬೋಗುಣಿಗಳು

ವಿಮರ್ಶೆಯೆಂಬ ಮಾತು ನಮ್ಮಲ್ಲಿ ಕಾವ್ಯ, ನಾಟಕ, ಕಾದಂಬರಿಗಳಿಗೆ ಮೀಸಲಾಗಿ ನಿಂತುಬಿಟ್ಟಿದೆ. ಹೆಚ್ಚೆಂದರೆ ಸಂಗೀತ ಕಚೇರಿಯೊಂದನ್ನೋ ಬಯಲಾಟದ ಒಂದು ಪ್ರಸಂಗವನ್ನೋ ಕುರಿತು ನಾಲ್ಕು ಮಾತು ಬರೆಯುವುದುಂಟು. ಅಡುಗೆಮನೆಯ ಪಾತ್ರೆಯನ್ನು ಮುಂದಿಟ್ಟುಕೊಂಡು ಗುಣದೋಷ ವಿವೇಚನೆಗೆ ತೊಡಗಿದರೆ ವಾಚಕರು ನಕ್ಕಾರು. ಆದರೂ ತೊಡಗುತ್ತೇವೆ. ಕಾವ್ಯವನ್ನು ದಿನಕ್ಕೊಮ್ಮೆ ತೆರೆಯುವವರು ವಿರಳ; ಪಾತ್ರೆಯನ್ನು ದಿನಕ್ಕೆ ಹತ್ತು ಸಲ ಮುಟ್ಟದ ಮನೆಯೇ ಇಲ್ಲ. ಹೀಗಿರುವಾಗ ಒಳ್ಳೆಯ ಪಾತ್ರೆ ಯಾವುದು, ಅದು ಏತಕ್ಕೆ ಒಳ್ಳೆಯದು ಎಂಬ ಪ್ರಶ್ನೆಯನ್ನು ಅಂಗಡಿಯವನ ತಕ್ಕಡಿಗೆ ಬಿಟ್ಟುಕೊಟ್ಟು ಕುಳಿತಿರುವುದು ಅಕ್ಷರ ಕಲಿಸುವ ವೃತ್ತಿಯಲ್ಲಿರುವ ನಮಗೆ ತಕ್ಕುದಲ್ಲ.

ಇಲ್ಲಿ ವಿಚಾರಕ್ಕೆ ತೆಗೆದುಕೊಂಡಿರುವುದು ಜಪಾನಿನಲ್ಲಿ ತಯಾರಾದ ಐದು ಸ್ಟೇನ್‌ಲೆಸ್ ಸ್ಟೀಲಿನ ಬೋಗುಣಿಗಳು ಮತ್ತು ಅವುಗಳ ಬಳಗಕ್ಕೆ ಸೇರಿದ ಕೆಲವು ಪಾತ್ರೆಗಳು. ಇವುಗಳ ರೂಪವನ್ನು ಕಲ್ಪಿಸಿದವರು ಯಾನಾಗಿ ಸೋರಿ ಎಂಬವರು. ಹುಟ್ಟಿದ್ದು ೧೯೧೫ರಲ್ಲಿ, ತೀರಿಕೊಂಡದ್ದು ೨೦೧೧ರಲ್ಲಿ. ಪಾತ್ರೆಗೆ ರೂಪ ಕೊಟ್ಟವನ ಹೆಸರು 'ಸೋರಿ' ಎಂದು ಕೇಳಿ ನಮ್ಮ ನಾಲ್ಕನೆಯ ತರಗತಿಯ ಮಕ್ಕಳು ಹೊಟ್ಟೆ ಹಿಡಿದುಕೊಂಡು ನಕ್ಕರು. ಆ ನಗೆಯನ್ನು ತಡೆಯುವುದು ನಮ್ಮಿಂದಲೂ ಆಗಲಿಲ್ಲ. ಬೋಗುಣಿಗಳು ಮಾತ್ರ ಸೋರುವುದಿಲ್ಲ. ನಮ್ಮ ಹಿರಿಯ ಸಹೋದ್ಯೋಗಿಗಳೊಬ್ಬರ ಮಗ ಉದ್ಯೋಗನಿಮಿತ್ತ ಜಪಾನಿಗೆ ಹೋಗಿದ್ದವನು ತಾಯಿಗೆಂದು ತಂದುಕೊಟ್ಟದ್ದನ್ನು ಆ ತಾಯಿಯೇ ಉದಾರವಾಗಿ ಎರಡು ವಾರ ನಮಗೆ ಎರವಲು ಕೊಟ್ಟರು. ಪುಸ್ತಕವನ್ನು ಎರವಲು ಪಡೆದು ವಿಮರ್ಶೆ ಬರೆಯುವುದು ನಮ್ಮ ಸಂಘದಲ್ಲಿ ವಾಡಿಕೆಯೇ ಆಗಿರುವುದರಿಂದ ಇದರಲ್ಲಿ ಸಂಕೋಚಕ್ಕೆ ಎಡೆಯಿಲ್ಲ.

ಬೋಗುಣಿಗಳ ಬಾಯಗಲ ಕ್ರಮವಾಗಿ ೧೩, ೧೬, ೧೯, ೨೩, ೨೭ ಸೆಂಟಿಮೀಟರು. ರೂಪ ಮೊದಲು ಸಿದ್ಧವಾದದ್ದು ೧೯೬೦ರಲ್ಲಿ. ಮೊದಲ ನೋಟಕ್ಕೆ ಅವುಗಳಲ್ಲಿ ಹೇಳಿಕೊಳ್ಳುವಂಥದೇನೂ ಕಾಣದು. ಬಳ್ಳಿಯಿಲ್ಲ, ಹೂವಿಲ್ಲ, ಗೆರೆಯಿಲ್ಲ, ಕನ್ನಡಿಯಂತೆ ಮಿರುಗುವ ಹೊಳಪೂ ಇಲ್ಲ. ಅಲಂಕಾರಪ್ರಿಯರಾದ ನಮ್ಮವರು 'ಇದನ್ನು ಅಲ್ಲಿಂದ ಹೊತ್ತು ತರಬೇಕಿತ್ತೇ?' ಎಂದು ಕೇಳಿದರೆ ಆಶ್ಚರ್ಯವಿಲ್ಲ. ಕೇಳಿದವರೂ ಇದ್ದಾರೆ. ಅಂಥವರಿಗೆ ನಾವು ಕೊಡುವ ಉತ್ತರ ಇಷ್ಟೆ: ಮೊದಲು ಅಂಚನ್ನು ಮುಟ್ಟಿ ನೋಡಿ.

ಪಾತ್ರೆಯ ಅಂಚು ಪದ್ಯದ ಪ್ರಾಸವಿದ್ದಂತೆ. ಮಾಡಿದವನ ಶ್ರದ್ಧೆ ಅಲ್ಲಿ ಅಡಗಿಕೊಳ್ಳಲಾರದು. ತಗಡನ್ನು ಕತ್ತರಿಸಿದಾಗ ಅದರ ಕೊನೆ ಕತ್ತಿಯ ಅಲಗಿನಂತೆ ಹರಿತವಾಗಿ ನಿಲ್ಲುತ್ತದೆ. ಅದನ್ನು ಅಷ್ಟಕ್ಕೇ ಬಿಟ್ಟು ಅರದಿಂದ ಒಂದೆರಡು ಸಲ ಉಜ್ಜಿ ಮಾರುವವರಿದ್ದಾರೆ. ಮೇಲಾದವರು ಅದನ್ನು ಹೊರಕ್ಕೆ ಮಡಿಸುತ್ತಾರೆ. ಆದರೆ ಆ ಮಡಿಕೆಯ ಸಂದಿನಲ್ಲಿ ಹಿಟ್ಟು, ಎಣ್ಣೆ, ಹುಳಿ ಸೇರಿಕೊಂಡು ಎಷ್ಟು ತಿಕ್ಕಿದರೂ ಹೊರಬಾರದೆ ಕಪ್ಪಾಗುತ್ತದೆ. ಯಾನಾಗಿಯವರ ಬೋಗುಣಿಯಲ್ಲಿ ಅಂಚು ಹೊರಕ್ಕೆ ಸುರುಳಿಯಾಗಿ ಸುತ್ತಿ ಒತ್ತಿಕೊಂಡು ಕುಳಿತಿದೆ. ಬೆರಳಿಗೆ ಅದು ದಪ್ಪನಾದ, ದುಂಡನೆಯ ಒಂದು ಬಳೆಯಂತೆ ಸಿಗುತ್ತದೆ. ತೊಯ್ದ ಕೈಯಿಂದ ಒಂದೇ ಬದಿಯಲ್ಲಿ ಹಿಡಿದೆತ್ತಿದರೂ ಜಾರುವುದಿಲ್ಲ, ಬೆರಳನ್ನು ಕೊಯ್ಯುವುದಿಲ್ಲ. ಆ ಬಳೆಯೇ ಪಾತ್ರೆಯ ಬಾಯಿ ಸೊಟ್ಟಗಾಗದಂತೆ ಕಾಯುವ ಕಟ್ಟೂ ಆಗಿದೆ. ಕೈಗೆ ಹಿತ, ಪಾತ್ರೆಗೆ ಬಲ, ಕಣ್ಣಿಗೆ ಒಂದು ಕೊನೆಗಾಣಿಕೆ, ಈ ಮೂರೂ ಒಂದೇ ಕ್ರಿಯೆಯಿಂದ ಸಿದ್ಧಿಸಿವೆ. ಒಂದು ಮಾತು ಮೂರು ಅರ್ಥಗಳನ್ನು ಹೊರುವುದನ್ನು ಕಾವ್ಯದಲ್ಲಿ ನಾವು ಕೊಂಡಾಡುತ್ತೇವೆ. ಇಲ್ಲಿ ಮಾತ್ರ ಏಕೆ ಕೊಂಡಾಡಬಾರದು?

ಇನ್ನು ತಳ. ಅಗಲವಾಗಿ, ಸಮತಟ್ಟಾಗಿ ಇದೆ. ಒಂದು ಕೈಯಿಂದ ಮೊಟ್ಟೆಯನ್ನೋ ಮೊಸರನ್ನೋ ಕಡೆಯುವಾಗ ಇನ್ನೊಂದು ಕೈಯ ಆಸರೆ ಬೇಡದೆ ನಿಲ್ಲುತ್ತದೆ. ತಳದಿಂದ ಪಕ್ಕಕ್ಕೆ ಏರುವ ಬಾಗು ಎಲ್ಲಿಯೂ ಮೂಲೆಯಾಗಿ ಮುರಿಯುವುದಿಲ್ಲ. ಆದ್ದರಿಂದ ಬೆರಳಾಗಲಿ ಸೌಟಾಗಲಿ ಒಂದೇ ಬೀಸಿನಲ್ಲಿ ಕೊನೆಯ ಹನಿಯವರೆಗೂ ಬಳಿದುಕೊಂಡು ಬರುತ್ತದೆ. ಮತ್ತೂ ಒಂದು ಸೂಕ್ಷ್ಮವಿದೆ. ಐದೂ ಬೋಗುಣಿಗಳು ಒಂದೇ ರೂಪದ ಹಿರಿದು ಕಿರಿದಾದ ನಕಲುಗಳಲ್ಲ. ಕಿರಿಯದು ಮೊಟ್ಟೆ ಕದಡಲು, ಸಾರು ಹದ ಮಾಡಲು; ಹಿರಿಯದು ಸೊಪ್ಪು ತರಕಾರಿ ತೊಳೆಯಲು. ಕೆಲಸ ಬೇರೆಯಾದ್ದರಿಂದ ಆಳವೂ ಬಾಗುವೂ ಬೇರೆ ಬೇರೆ. ಆದರೂ ಒಂದರೊಳಗೊಂದು ಇಟ್ಟರೆ ಐದೂ ಒಂದು ಬೋಗುಣಿಯ ಜಾಗದಲ್ಲಿ ಅಡಗುತ್ತವೆ. ಜಪಾನಿನ ಪಟ್ಟಣಗಳ ಅಡುಗೆಮನೆಗಳು ಬಹಳ ಇಕ್ಕಟ್ಟು ಎಂಬುದನ್ನು ನೆನೆದರೆ ಇದು ಬರಿಯ ಚಮತ್ಕಾರವಲ್ಲವೆಂಬುದು ತಿಳಿಯುತ್ತದೆ.

ಮೈಯ ಹೊಳಪು ಮಂದವಾದದ್ದು. ತರಗತಿಯಲ್ಲಿ ಇದರ ಪಕ್ಕದಲ್ಲಿ ನಮ್ಮ ಸಂತೆಯ ಮಿರುಗುವ ಬೋಗುಣಿಯೊಂದನ್ನಿಟ್ಟು ಮಕ್ಕಳ ಅಭಿಪ್ರಾಯ ಕೇಳಿದೆವು. ಹೆಚ್ಚಿನವರು ಮಿರುಗುವುದನ್ನೇ ಮೆಚ್ಚಿದರು. ಒಬ್ಬ ಹುಡುಗಿ ಮಾತ್ರ ಬಹಳ ಹೊತ್ತು ನೋಡಿ, 'ಇದು ಕಣ್ಣು ಚುಚ್ಚಲ್ಲ ಮೇಷ್ಟ್ರೇ, ಒಳಗೆ ಏನೈತೆ ಅಂತ ಸರಿಯಾಗಿ ಕಾಣ್ತದೆ' ಎಂದಳು. ಅಕ್ಕಿಯಲ್ಲಿ ಕಲ್ಲು ಆರಿಸುವ ಮನೆಯ ಮಗಳ ಮಾತು ಅದು. ಕನ್ನಡಿಯಂಥ ಪಾತ್ರೆಯಲ್ಲಿ ಕಲ್ಲಿನ ಜತೆಗೆ ಕಲ್ಲಿನ ನೆರಳೂ ಬಿಂಬವೂ ಕಂಡು ಕಣ್ಣು ಮೋಸಹೋಗುತ್ತದೆ. ಅಲ್ಲದೆ ಮಂದವಾದ ಮೈಯಲ್ಲಿ ದಿನದಿನದ ಗೀರುಗಳು ಎದ್ದು ತೋರುವುದಿಲ್ಲ. ಪಾತ್ರೆ ಹಳೆಯದಾದರೂ ಅವಲಕ್ಷಣವಾಗುವುದಿಲ್ಲ.

ಬೋಗುಣಿಗಳ ಜತೆಗೆ ಅವುಗಳೊಳಗೆ ಕೂರುವ ಸೋಸುಬುಟ್ಟಿಗಳಿವೆ. ಜಪಾನೀಯರು ಅಕ್ಕಿ ತೊಳೆಯುವುದಕ್ಕೂ ಬೇಯಿಸಿದ ಶ್ಯಾವಿಗೆಯ ನೀರು ಬಸಿಯುವುದಕ್ಕೂ ಹಿಂದೆ ಬಿದಿರಿನ ಬುಟ್ಟಿಯನ್ನು ಬಳಸುತ್ತಿದ್ದರು. ಅನಂತರ ತಂತಿಯ ಜಾಲರಿ ಬಂದಿತು. ಜಾಲರಿಯ ಕಷ್ಟ ಎಲ್ಲರಿಗೂ ಗೊತ್ತಿದ್ದದ್ದೇ: ಕಣ್ಣುಗಳಲ್ಲಿ ಅನ್ನದ ಅಗುಳು ಸಿಕ್ಕಿಕೊಳ್ಳುತ್ತದೆ, ಅಂಚಿನಲ್ಲಿ ತಂತಿ ಬಿಚ್ಚಿಕೊಂಡು ಕೈಗೆ ಚುಚ್ಚುತ್ತದೆ. ಯಾನಾಗಿಯವರು ತಂತಿಯನ್ನು ಬಿಟ್ಟು, ತಗಡಿಗೇ ಸಾಲುಸಾಲಾಗಿ ತೂತು ಹೊಡೆಸಿ ಬುಟ್ಟಿಯಾಗಿಸಿದ್ದಾರೆ. ತೊಳೆಯುವುದು ಸುಲಭ, ಬಾಳಿಕೆ ಹೆಚ್ಚು. ಆದರೆ ತೂತುಗಳ ನಡುವೆ ಉಳಿದ ತಗಡು ಹೆಚ್ಚಾದ್ದರಿಂದ ನೀರು ಜಾಲರಿಯಲ್ಲಿ ಇಳಿದಷ್ಟು ಬೇಗ ಇಳಿಯುವುದಿಲ್ಲ. ಇದನ್ನು ದೋಷವೆಂದು ಎಣಿಸಬೇಕೇ? ನಮ್ಮ ಅಭಿಪ್ರಾಯದಲ್ಲಿ ಎಣಿಸಲೇಬೇಕು. ಬಸಿಯುವ ಪಾತ್ರೆಯ ಮೊದಲ ಧರ್ಮ ಬಸಿಯುವುದು. ಬಾಳಿಕೆಗಾಗಿ ವೇಗವನ್ನು ಕೊಂಚ ಬಿಟ್ಟುಕೊಟ್ಟಿದ್ದಾರೆ. ಕೊಂಡುಕೊಳ್ಳುವವರು ಅದನ್ನು ತಿಳಿದೇ ಕೊಳ್ಳಬೇಕು.

ಒಂಟಿ ಹಿಡಿಯ ಪಾತ್ರೆಯನ್ನು ಬಳಸಿ ನೋಡುವ ಅವಕಾಶವೂ ಸಿಕ್ಕಿತು. ಇದು ಇಡೀ ಬಳಗದಲ್ಲಿ ಅತ್ಯಂತ ಜಾಣತನದ ಕೃತಿ. ಜಪಾನಿನ ಮನೆಗಳಲ್ಲಿ ಬಹುಕಾಲದಿಂದ 'ಯುಕಿಹಿರ' ಎಂಬ ಪಾತ್ರೆ ಬಳಕೆಯಲ್ಲಿದೆ. ಒಂದು ಮರದ ಹಿಡಿ, ಸುತ್ತಿಗೆಯ ಪೆಟ್ಟಿನ ಗುರುತುಗಳುಳ್ಳ ಮೈ, ಬಾಯಿಯ ಇಕ್ಕೆಲಗಳಲ್ಲೂ ಸುರಿಯಲು ಕೊಕ್ಕು. ಎಡಗೈಯವರಿಗೂ ಬಲಗೈಯವರಿಗೂ ಒಂದೇ ಅನುಕೂಲ. ಯಾನಾಗಿಯವರು ಆ ಇಕ್ಕೆಲದ ಕೊಕ್ಕುಗಳನ್ನು ಉಳಿಸಿಕೊಂಡು, ಮುಚ್ಚಳವನ್ನೂ ಅದೇ ಆಕಾರಕ್ಕೆ ಕೊಕ್ಕುಗಳೊಡನೆ ಮಾಡಿದರು. ಕೊಕ್ಕಿಗೆ ಕೊಕ್ಕು ಕೂಡುವಂತೆ ಇಟ್ಟರೆ ಪಾತ್ರೆ ಪೂರ್ತಿ ಮುಚ್ಚಿಕೊಳ್ಳುತ್ತದೆ. ಮುಚ್ಚಳವನ್ನು ತುಸು ತಿರುಗಿಸಿದರೆ ಎರಡು ಕಡೆ ಸಂದು ಬಿಟ್ಟು ಹಬೆ ಹೊರಹೋಗುತ್ತದೆ, ಉಕ್ಕುವುದು ತಪ್ಪುತ್ತದೆ. ಅದೇ ಸಂದಿನಿಂದ ನೀರನ್ನೂ ಬಸಿಯಬಹುದು. ನಮ್ಮ ಮನೆಗಳಲ್ಲಿ ಹೆಂಗಸರು ಮುಚ್ಚಳವನ್ನು ಓರೆಯಾಗಿಟ್ಟು, ಅದು ಜಾರಿ ಬೀಳದಂತೆ ಸೌಟನ್ನು ಅಡ್ಡಕೊಟ್ಟು ಮಾಡುವ ಕೆಲಸವನ್ನೇ ಇಲ್ಲಿ ಲೋಹದಲ್ಲಿ ಮಾಡಿಟ್ಟಿದ್ದಾರೆ. ಹಳೆಯ ಛಂದಸ್ಸನ್ನು ಹಿಡಿದು ಹೊಸ ಪದ್ಯ ಬರೆದ ಬಗೆ ಇದು. ಅವರ ಕೆಟಲಿನ ವಿಷಯವಾಗಿ ಹೆಚ್ಚು ಹೇಳಬೇಕಾದದ್ದಿಲ್ಲ. ೧೯೫೩ರಲ್ಲಿ ಒಂದನ್ನು ಮಾಡಿದರು, ಮತ್ತೆ ೧೯೯೪ರಲ್ಲಿ ಸ್ಟೇನ್‌ಲೆಸ್ ಸ್ಟೀಲಿನಲ್ಲಿ ಇನ್ನೊಂದನ್ನು. ತಳ ಅಗಲವಾದ್ದರಿಂದ ಉರಿಯ ಶಾಖ ವ್ಯರ್ಥವಾಗದೆ ನೀರು ಬೇಗ ಕುದಿಯುತ್ತದೆ.

ಈ ರೂಪಗಳು ಕಾಗದದ ಮೇಲೆ ಹುಟ್ಟಿದವಲ್ಲ. ಯಾನಾಗಿಯವರು ಮೊದಲು ನಕ್ಷೆ ಬರೆದು ಕಾರ್ಖಾನೆಗೆ ಕಳುಹಿಸುವ ಪದ್ಧತಿಯವರಾಗಿರಲಿಲ್ಲ. ಜಿಪ್ಸಂ ಗಾರೆಯಲ್ಲಿ ಮಾದರಿ ಮಾಡುವುದು, ಕೈಯಲ್ಲಿ ಹಿಡಿದು ನೋಡುವುದು, ಕೆರೆದು ತಿದ್ದುವುದು, ಮತ್ತೆ ಹಿಡಿಯುವುದು. ಹೀಗೆ ಕೈ ಒಪ್ಪಿದ ಮೇಲೆ ನಕ್ಷೆ. ನಮ್ಮ ಆಲಂಕಾರಿಕರಲ್ಲಿ ಕ್ಷೇಮೇಂದ್ರನು ಕಾವ್ಯದ ಜೀವವನ್ನು ಔಚಿತ್ಯದಲ್ಲಿ ಕಂಡನು. ಎಲ್ಲಿ ಯಾವುದು ತಕ್ಕುದೋ ಅದು ಅಲ್ಲಿರುವುದು, ತಕ್ಕುದಲ್ಲದ್ದು ಇಲ್ಲದಿರುವುದು. ಶಿಕ್ಷಕರ ತರಬೇತಿಯ ದಿನಗಳಲ್ಲಿ ಈ ಮಾತನ್ನು ಪರೀಕ್ಷೆಗಾಗಿ ಬಾಯಿಪಾಠ ಮಾಡಿದ್ದೆವು. ಅದರ ತೂಕ ಕೈಗೆ ತಿಳಿದದ್ದು ಈ ಬೋಗುಣಿಯನ್ನು ಎತ್ತಿದಾಗಲೇ ಎಂದರೆ ಅತಿಶಯೋಕ್ತಿಯಲ್ಲ.

ರೂಪ ಎಷ್ಟು ಸೊಗಸಾಗಿದ್ದರೇನು, ಅದನ್ನು ಈ ಲೋಹದಲ್ಲಿ ತೆಗೆಯುವ ಕೈ ಬೇಕಷ್ಟೆ. ಸ್ಟೇನ್‌ಲೆಸ್ ಸ್ಟೀಲು ಮೊಂಡು ಲೋಹ. ಕಬ್ಬಿಣಕ್ಕೆ ಕ್ರೋಮಿಯಂ ಬೆರೆತಾಗ ಅದರ ಮೈಮೇಲೆ ಕಣ್ಣಿಗೆ ಕಾಣದಷ್ಟು ತೆಳುವಾದ ಒಂದು ಪೊರೆ ಕಟ್ಟುತ್ತದೆ. ಗೀರು ಬಿದ್ದರೆ ಗಾಳಿಯ ಆಮ್ಲಜನಕದಿಂದ ಆ ಪೊರೆ ತಾನೇ ಮತ್ತೆ ಬೆಳೆಯುತ್ತದೆ. ತುಕ್ಕು ಹಿಡಿಯದಿರುವ ಗುಟ್ಟು ಇದು. ಇಂಗ್ಲೆಂಡಿನ ಶೆಫೀಲ್ಡಿನಲ್ಲಿ ಹ್ಯಾರಿ ಬ್ರಿಯರ್ಲಿ ಎಂಬಾತ ೧೯೧೩ರಲ್ಲಿ ಇಂಥ ಉಕ್ಕನ್ನು ಎರಕಹೊಯ್ದನು. ಅವನು ಹುಡುಕುತ್ತಿದ್ದುದು ಬಂದೂಕಿನ ನಳಿಗೆಗೆ ಸವೆಯದ ಲೋಹವನ್ನು; ಲೋಕಕ್ಕೆ ದೊರೆತದ್ದು ಊಟದ ಚೂರಿ. ಒಳ್ಳೆಯ ಪಾತ್ರೆಗಳಿಗೆ ಬಳಸುವುದು ನೂರಕ್ಕೆ ೧೮ ಪಾಲು ಕ್ರೋಮಿಯಂ, ೮ ಪಾಲು ನಿಕ್ಕಲ್ ಬೆರೆತದ್ದು. ಇದನ್ನು ಅಚ್ಚಿಗೆ ಒತ್ತಿ ಎಳೆದಷ್ಟೂ ಅದು ಗಟ್ಟಿಯಾಗುತ್ತ ಹೋಗುತ್ತದೆ. ಅವಸರ ಮಾಡಿದರೆ ಪಕ್ಕಗಳಲ್ಲಿ ಸುಕ್ಕು ಬೀಳುತ್ತದೆ, ಇಲ್ಲವೆ ತಳದ ಬಾಗಿನಲ್ಲಿ ತೆಳುವಾಗಿ ಹರಿಯುತ್ತದೆ. ಆಳವಾದ ಪಾತ್ರೆಯನ್ನು ಹಲವು ಹಂತಗಳಲ್ಲಿ, ನಡುನಡುವೆ ಕಾಸಿ ಮೆತ್ತಗೆ ಮಾಡಿ ಎಳೆಯಬೇಕಾಗುವುದೂ ಉಂಟು.

ಈ ಕೌಶಲ ಮನೆಮಾತಾಗಿರುವ ಊರು ಜಪಾನಿನ ನಿಗಾತ ಪ್ರಾಂತದ ತ್ಸುಬಾಮೆ. 'ತ್ಸುಬಾಮೆ' ಎಂದರೆ ಬಾನಾಡಿಗಳಲ್ಲಿ ಒಂದಾದ ಕವಲುತೋಕೆ. ಹೆಸರು ಚೆಲುವಾದರೂ ಊರಿನ ಚರಿತ್ರೆ ಕಷ್ಟದ್ದು. ಶಿನಾನೊ ನದಿ ಮೇಲಿಂದ ಮೇಲೆ ನೆರೆ ಬಂದು ಗದ್ದೆಗಳನ್ನು ಕೊಚ್ಚುತ್ತಿದ್ದ ಸೀಮೆ ಅದು. ಚಳಿಗಾಲದಲ್ಲಿ ಹಿಮ ಮುಚ್ಚಿಕೊಳ್ಳುವ ಸೀಮೆ. ಬೆಳೆ ಕೈಕೊಟ್ಟ ರೈತರು ಹದಿನೇಳನೆಯ ಶತಮಾನದಲ್ಲಿ ಉಪವೃತ್ತಿಯಾಗಿ ಮೊಳೆ ಬಡಿಯಲು ಕಲಿತರು. ಮುಂದೆ ಅರ, ಹೊಗೆಬತ್ತಿ ಸೇದುವ ಕೊಳವೆ, ತಾಮ್ರದ ಪಾತ್ರೆ. ಒಂದೇ ತಾಮ್ರದ ತಗಡನ್ನು ಸುತ್ತಿಗೆಯಿಂದ ಬಡಿದು ಬಡಿದು ಕೆಟಲು ಮಾಡುವ ಗ್ಯೊಕುಸೆಂದೊ ಎಂಬ ಮನೆತನದ ಕಾರ್ಖಾನೆ ೧೮೧೬ರಿಂದ ನಡೆದುಬಂದಿದೆ. ಪಾಶ್ಚಾತ್ಯ ಮೊಳೆ ಬಂದು ಕೈಮೊಳೆಯನ್ನು ಕೊಂದಿತು. ಸಿಗರೇಟು ಬಂದು ಕೊಳವೆಯನ್ನು ಕೊಂದಿತು. ಅಲ್ಯೂಮಿನಿಯಂ ಬಂದು ತಾಮ್ರವನ್ನು ಅದುಮಿತು. ಇಂಥ ಹೊತ್ತಿನಲ್ಲಿ, ೧೯೧೧ರಲ್ಲಿ, ಟೋಕಿಯೋದ ಒಂದು ಅಂಗಡಿಯಿಂದ ಚಮಚ ಮುಳ್ಳುಗಳನ್ನು ಮಾಡಿಕೊಡಿರೆಂಬ ಬೇಡಿಕೆ ಬಂದಿತು. ಚಮಚದಲ್ಲಿ ಉಣ್ಣದ ಜನ, ಕೊಳವೆ ತಯಾರಿಸಿ ಪಳಗಿದ ಕೈಯಿಂದ, ಕಂಡರಿಯದ ವಸ್ತುವನ್ನು ಮಾಡಿಕೊಟ್ಟರು. ಮೊದಲ ಮಹಾಯುದ್ಧದಲ್ಲಿ ಯೂರೋಪಿನ ಕಾರ್ಖಾನೆಗಳು ಮದ್ದುಗುಂಡಿನ ಕೆಲಸಕ್ಕೆ ಇಳಿದಾಗ ಚಮಚದ ಬೇಡಿಕೆ ಇಲ್ಲಿಗೆ ಹರಿದು ಬಂದಿತು. ಎರಡನೆಯ ಮಹಾಯುದ್ಧವಾದ ಮೇಲೆ ಇವರ ಸ್ಟೀಲಿನ ಚಮಚಗಳು ಅಮೆರಿಕೆಯ ಮಾರುಕಟ್ಟೆಗೆ ಎಷ್ಟು ನುಗ್ಗಿದುವೆಂದರೆ, ೧೯೫೯ರಲ್ಲಿ ಅಮೆರಿಕಾ ಸರ್ಕಾರ ಮಿತಿಮೀರಿದ ಆಮದಿಗೆ ಹೆಚ್ಚು ಸುಂಕ ವಿಧಿಸಿ ಕಟ್ಟೆ ಹಾಕಬೇಕಾಯಿತು. ೧೯೯೧ರಲ್ಲಿ ನೊಬೆಲ್ ಬಹುಮಾನದ ತೊಂಬತ್ತನೆಯ ವರ್ಷದ ಔತಣಕ್ಕೆ ಚಮಚ ಮುಳ್ಳುಗಳನ್ನು ಮಾಡಿಕೊಟ್ಟದ್ದೂ ಈ ಊರೇ. ಇಲ್ಲಿ ಹೊಳಪು ಕೊಡುವುದೇ ಒಂದು ಪ್ರತ್ಯೇಕ ಕಸುಬು. ತಿರುಗುವ ಬಟ್ಟೆಯ ಚಕ್ರಕ್ಕೆ ಲೋಹವನ್ನು ಒತ್ತಿಹಿಡಿದು, ದೂಳಿನಲ್ಲಿ, ಮುಖಕ್ಕೆ ಬಟ್ಟೆ ಕಟ್ಟಿಕೊಂಡು ದಿನವಿಡೀ ನಿಲ್ಲುವ ಕೆಲಸ. ಯಾನಾಗಿಯವರ ಬೋಗುಣಿಯ ಮಂದ ಹೊಳಪನ್ನು ಮೆಚ್ಚುವಾಗ ಈ ಜನರನ್ನು ಮರೆತರೆ ವಿಮರ್ಶೆ ಅರ್ಧವಾಗುತ್ತದೆ.

ಈಗ ಮುಖ್ಯ ಪ್ರಶ್ನೆಗೆ ಬರೋಣ. ಸೋರಿಯವರ ತಂದೆ ಯಾನಾಗಿ ಸೊಯೆತ್ಸು (೧೮೮೯–೧೯೬೧) ಜಪಾನಿನಲ್ಲಿ ಜನಪದ ಕುಶಲಕಲೆಯ ಚಳವಳಿಯನ್ನು ಕಟ್ಟಿದವರು. 'ಮಿಂಗೆಯಿ' ಎಂಬ ಪದವನ್ನು ತಮ್ಮ ಗೆಳೆಯರೊಡನೆ ೧೯೨೫ರಲ್ಲಿ ಟಂಕಿಸಿದರು. ೧೯೩೬ರಲ್ಲಿ ಟೋಕಿಯೋದಲ್ಲಿ ಅದಕ್ಕೊಂದು ವಸ್ತುಸಂಗ್ರಹಾಲಯವನ್ನು ತೆರೆದರು. ಅವರ ಸಿದ್ಧಾಂತವನ್ನು ನಮ್ಮ ಮಾತಿನಲ್ಲಿ ಹೇಳುವುದಾದರೆ: ಹೆಸರು ಬಯಸದ ಸಾಮಾನ್ಯ ಕುಶಲಕರ್ಮಿ, ಸಾಮಾನ್ಯ ಜನರ ದಿನಬಳಕೆಗೆಂದು, ಅಗ್ಗವಾಗಿ, ಬಹುಸಂಖ್ಯೆಯಲ್ಲಿ ಮಾಡಿದ ವಸ್ತುವಿನಲ್ಲಿ ಒಂದು ನಿರಾಯಾಸವಾದ ಚೆಲುವು ಇರುತ್ತದೆ, ಹೆಸರಾಂತ ಕಲಾವಿದನ ಹಟದ ಕೃತಿಯಲ್ಲಿ ಅದು ಇರುವುದಿಲ್ಲ. ಕ್ಯೋಟೋ ನಗರದ ಒಂದು ಬೌದ್ಧ ಮಂದಿರದಲ್ಲಿ 'ಕಿಜಾಯೆಮೊನ್' ಎಂಬ ಚಹಾದ ಬಟ್ಟಲಿದೆ. ಜಪಾನೀಯರು ಅದನ್ನು ರಾಷ್ಟ್ರದ ನಿಧಿಯೆಂದು ಭಾವಿಸುತ್ತಾರೆ. ೧೯೩೧ರಲ್ಲಿ ಅದನ್ನು ಕಂಡ ಸೊಯೆತ್ಸು ಹೇಳಿದ್ದರ ತಿರುಳು, ಅದು ಕೊರಿಯಾದ ಬಡವರು ಅನ್ನ ಉಣ್ಣುತ್ತಿದ್ದ ಬಟ್ಟಲು, ಅದರ ಹಿರಿಮೆ ಅದರ ಆ ಸಾಮಾನ್ಯತೆಯಲ್ಲಿಯೇ ಇದೆ ಎಂಬುದು. ಚಳವಳಿಯ ಹಿರಿಯ ಕುಂಬಾರ ಹಮಾದ ಶೋಜಿ ತಮ್ಮ ಮಡಕೆಗಳ ಮೇಲೆ ಹೆಸರನ್ನೇ ಹಾಕುತ್ತಿರಲಿಲ್ಲ.

ಕನ್ನಡಿಗರಿಗೆ ಈ ವಿಚಾರ ಹೊಸದಾಗಿ ತೋರಬೇಕಾದ್ದಿಲ್ಲ. ನಮ್ಮಲ್ಲಿ ವಚನಕ್ಕೆ ಅಂಕಿತವುಂಟು, ದಾಸರ ಪದಕ್ಕೆ ಮುದ್ರಿಕೆಯುಂಟು. ರಾಗಿ ಬೀಸುವ ಪದಕ್ಕೆ ಅಂಕಿತವಿಲ್ಲ. ಅದನ್ನು ಕಟ್ಟಿದಾಕೆ ಯಾರೆಂದು ಯಾರೂ ಕೇಳಲಿಲ್ಲ, ಆಕೆಯೂ ಹೇಳಿಕೊಳ್ಳಲಿಲ್ಲ. ಒಬ್ಬಳು ಕಟ್ಟಿದ್ದನ್ನು ಹತ್ತು ಮಂದಿ ತಿದ್ದಿ, ನೂರು ಮಂದಿ ಹಾಡಿ, ಬೇಡದ ಮಾತು ಉದುರಿ ಬೇಕಾದದ್ದು ಉಳಿದಿದೆ. ಬೀಸುವ ಪದದ ಲಯ ಬೀಸುವ ಕಲ್ಲಿನ ಸುತ್ತಿನಿಂದ ಬಂದದ್ದು, ಬೋಗುಣಿಯ ಬಾಗು ಕಡೆಯುವ ಕೈಯ ಸುತ್ತಿನಿಂದ ಬಂದಂತೆ.

ಹೀಗೆ ಕೈಕೆಲಸವನ್ನೂ ಹೆಸರಿಲ್ಲದಿರುವುದನ್ನೂ ಎತ್ತಿಹಿಡಿದ ತಂದೆಗೆ ಮಗ ಯಂತ್ರದ ಪಕ್ಷಪಾತಿಯಾಗಿ ಹುಟ್ಟಿದರು. ತರುಣ ಸೋರಿಗೆ ತಂದೆಯ ಮಡಕೆ ಚಾಪೆಗಳಲ್ಲಿ ಆಸಕ್ತಿಯಿರಲಿಲ್ಲ. ಚಿತ್ರಕಲೆ ಕಲಿಯಲು ಹೋಗಿ ಯೂರೋಪಿನ ನವೀನ ವಾಸ್ತುವಿಗೆ ಮನಸೋತರು. ೧೯೪೦ರಲ್ಲಿ ಫ್ರಾನ್ಸಿನಿಂದ ಬಂದ ಶಾರ್ಲೊತ್ ಪೆರಿಯಾಂ ಎಂಬ ವಿನ್ಯಾಸಕಾರ್ತಿಗೆ ಸಹಾಯಕರಾಗಿ ಜಪಾನಿನ ಊರೂರುಗಳನ್ನು ಸುತ್ತಿದರು. ಪರದೇಶದ ಹೆಣ್ಣುಮಗಳು ಹಳ್ಳಿಯ ಬಿದಿರು ಕೆಲಸವನ್ನು ಬೆರಗಾಗಿ ನೋಡುವುದನ್ನು ಪಕ್ಕದಲ್ಲಿ ನಿಂತು ಕಂಡಾಗ, ಮನೆಯಲ್ಲೇ ಇದ್ದ ತಂದೆಯ ಮಾತು ಮಗನಿಗೆ ಬೇರೆ ಬೆಳಕಿನಲ್ಲಿ ತೋರಿರಬೇಕೆಂದು ಊಹಿಸಲು ನಮಗೆ ಮನಸ್ಸಾಗುತ್ತದೆ. ಮುಂದೆ ಎರಡು ಬಾಗಿದ ಹಲಗೆಗಳ 'ಚಿಟ್ಟೆ' ಪೀಠದಿಂದ ಸೋರಿ ಜಗತ್ತಿಗೆಲ್ಲ ಪರಿಚಿತರಾದರು. ೧೯೫೭ರಲ್ಲಿ ಮಿಲಾನಿನ ಪ್ರದರ್ಶನದಲ್ಲಿ ಚಿನ್ನದ ಪದಕ ಬಂದಿತು. ೧೯೭೭ರಲ್ಲಿ ಅವರೇ ತಂದೆಯ ವಸ್ತುಸಂಗ್ರಹಾಲಯದ ನಿರ್ದೇಶಕರಾದರು.

ಮಗನು ತಂದೆಯ ಮಾತನ್ನು ಮೀರಿದನೇ, ನಡೆಸಿದನೇ? ಜನಸಾಮಾನ್ಯರ ಬಳಕೆಗೆ, ಬಹುಸಂಖ್ಯೆಯಲ್ಲಿ, ಕೈಗೆಟಕುವ ಬೆಲೆಗೆ ಎಂಬುದೇ ಮಿಂಗೆಯಿಯ ಪ್ರಾಣವಾದರೆ, ಇಪ್ಪತ್ತನೆಯ ಶತಮಾನದಲ್ಲಿ ಆ ಷರತ್ತುಗಳನ್ನು ಪೂರೈಸಬಲ್ಲದ್ದು ಯಂತ್ರವೊಂದೇ. ಕೈಯಿಂದ ಮಾಡಿದ ಮಡಕೆ ಕಾಲಕ್ರಮದಲ್ಲಿ ಧನಿಕರ ಗಾಜಿನ ಬೀರುವಿಗೆ ಸೇರಿತು. ಯಂತ್ರದಲ್ಲಿ ಒತ್ತಿದ ಬೋಗುಣಿ ಅಡುಗೆಯವರ ಕೈಯಲ್ಲಿ ಉಳಿಯಿತು. ಆದ್ದರಿಂದ ಮಗನೇ ತಂದೆಯ ಸಿದ್ಧಾಂತದ ನಿಜವಾದ ವಾರಸುದಾರನೆಂದು ನಾವು ತೀರ್ಮಾನಿಸುತ್ತೇವೆ. ಮಾದರಿಯನ್ನು ಕೈಯಿಂದ ತಿದ್ದಿದ್ದು, ಅಚ್ಚನ್ನು ತ್ಸುಬಾಮೆಯ ಕೈಗಳು ಕಡೆದದ್ದು, ಹೊಳಪನ್ನು ಕೈಗಳು ಕೊಟ್ಟದ್ದು. ನಡುವೆ ಯಂತ್ರ ಬಂದು ಕುಳಿತ ಮಾತ್ರಕ್ಕೆ ಕೈ ಮಾಯವಾಗಲಿಲ್ಲ.

ಆದರೆ ಒಂದು ಕಡೆ ನಮಗೆ ಒಪ್ಪಿಗೆಯಿಲ್ಲ. ತಂದೆ ಬೇಡವೆಂದ ಹೆಸರು ಮಗನ ಪಾತ್ರೆಗೆ ಬಂದು ಅಂಟಿಕೊಂಡಿದೆ. ಪೆಟ್ಟಿಗೆಯ ಮೇಲೆ ಯಾನಾಗಿ ಸೋರಿ ಎಂಬ ಹೆಸರು ದೊಡ್ಡದಾಗಿದೆ. ಅಂಗಡಿಗಳಲ್ಲಿ ಈ ಪಾತ್ರೆ ಮಾರಾಟವಾಗುವುದೇ ಆ ಹೆಸರಿನಿಂದ. ಯಾರ ರೂಪವೆಂದೂ ತಿಳಿಯದೆ ಬಳಸುವ ನಿತ್ಯದ ವಸ್ತುಗಳನ್ನು ಸ್ವತಃ ಅವರೇ ಮೆಚ್ಚಿ ಕೊಂಡಾಡಿದವರು. ಅಂಥವರ ಹೆಸರೇ ಬೆಲೆಯನ್ನು ಏರಿಸುವ ಮುದ್ರೆಯಾದದ್ದು ವಿಪರ್ಯಾಸ. ಬೆಲೆಯಂತೂ ನಮ್ಮ ಸಂತೆಯ ಬೋಗುಣಿಯ ಪಕ್ಕದಲ್ಲಿ ಹೇಳಿಕೊಳ್ಳುವಂತಿಲ್ಲ. ಪ್ರಾಥಮಿಕ ಶಾಲೆಯ ಉಪಾಧ್ಯಾಯನ ಸಂಬಳದಲ್ಲಿ ಐದನ್ನೂ ಕೊಳ್ಳುವ ವಿಚಾರ ಬಿಡಬೇಕು. ಇನ್ನೊಂದು ಮಾತು: ಹೊಳಪು ಕೊಟ್ಟ ಕೈಯ ಹೆಸರು ಪೆಟ್ಟಿಗೆಯ ಮೇಲಿಲ್ಲ. ಅನಾಮಿಕತೆಯನ್ನು ಆದರ್ಶವೆಂದು ಹೇಳುವಾಗ ಅದು ಯಾರ ಪಾಲಿಗೆ ಆಯ್ಕೆ, ಯಾರ ಪಾಲಿಗೆ ವಿಧಿ ಎಂಬುದನ್ನು ವಿಚಾರಿಸಬೇಕಾಗುತ್ತದೆ. ತಂದೆಯೂ ಇದನ್ನು ಸಾಕಷ್ಟು ವಿಚಾರಿಸಲಿಲ್ಲವೆಂದೇ ನಮ್ಮ ಭಾವನೆ.

ಲೋಹದ ಮಿತಿಯನ್ನೂ ಹೇಳಿಬಿಡಬೇಕು. ಸ್ಟೇನ್‌ಲೆಸ್ ಸ್ಟೀಲು ಶಾಖವನ್ನು ಹರಡುವುದರಲ್ಲಿ ಬಹಳ ಸೋಮಾರಿ. ತಾಮ್ರ ಅದಕ್ಕಿಂತ ಇಪ್ಪತ್ತು ಪಟ್ಟಿಗೂ ಮಿಕ್ಕಿ ಚುರುಕು. ಆದ್ದರಿಂದ ಉರಿ ತಾಗಿದ ಕಡೆ ಹಾಲು ತಳ ಹಿಡಿಯುತ್ತದೆ, ಪಕ್ಕದಲ್ಲಿ ತಣ್ಣಗಿರುತ್ತದೆ. ಯಾವ ವಿನ್ಯಾಸಕಾರನೂ ಇದನ್ನು ಬರಿಯ ರೂಪದಿಂದ ಗೆಲ್ಲಲಾರ. ಉಪ್ಪುನೀರನ್ನು ರಾತ್ರಿಯೆಲ್ಲ ಬಿಟ್ಟರೆ ಈ ಲೋಹದ ಮೈಯಲ್ಲೂ ಸೂಜಿಮೊನೆಯಷ್ಟು ಕುಳಿ ಬೀಳಬಹುದು. ಉರಿಯ ಮೇಲೇರದ ಬೋಗುಣಿ, ಸೋಸುಬುಟ್ಟಿ, ಚಮಚಗಳಲ್ಲಿ ಯಾನಾಗಿಯವರ ಕೃತಿ ನಿರ್ದುಷ್ಟವಾಗಿ ತೋರುವುದೂ ಒಲೆಯ ಮೇಲಿನ ಪಾತ್ರೆಯಲ್ಲಿ ಒಂದು ಮೆಟ್ಟಿಲು ಕೆಳಗಿರುವುದೂ ಇದೇ ಕಾರಣದಿಂದ.

ನಮ್ಮ ಕಡೆಯ ಪಾತ್ರೆಗಳ ಮಾತು ಇಲ್ಲಿ ಬಾರದಿರಲು ಸಾಧ್ಯವಿಲ್ಲ. ತಮಿಳುನಾಡಿನ ಈ ಗಡಿಯ ಕನ್ನಡಿಗರು ಸ್ಟೇನ್‌ಲೆಸ್ ಸ್ಟೀಲನ್ನು ತಮಿಳರ ಬಾಯಿಂದ ಕಲಿತು 'ಎವರ್‌ಸಿಲ್ವರ್' ಎನ್ನುವುದುಂಟು. ೧೯೮೦ರ ದಶಕದ ಆರಂಭದಿಂದ ಸೇಲಂನಲ್ಲಿಯೇ ಈ ಲೋಹದ ತಗಡು ತಯಾರಾಗುತ್ತಿದೆ. ಲೋಹಕ್ಕೆ ಕೊರತೆಯಿಲ್ಲ, ಕೈಗಳಿಗೂ ಕೊರತೆಯಿಲ್ಲ. ರೂಪಕ್ಕೆ ಹಿರಿಯರ ಆಸ್ತಿಯೂ ಇದೆ. ಅಮೆರಿಕೆಯ ಈಮ್ಸ್ ದಂಪತಿಗಳು ೧೯೫೮ರಲ್ಲಿ ಭಾರತ ಸರ್ಕಾರಕ್ಕೆ ಒಪ್ಪಿಸಿದ ವರದಿಯಲ್ಲಿ, ತಾವು ಈ ದೇಶದಲ್ಲಿ ಕಂಡ ವಸ್ತುಗಳಲ್ಲೆಲ್ಲ ನಮ್ಮ ಚೊಂಬನ್ನೇ ಮಿಗಿಲೆಂದು ಹೊಗಳಿ, ಅದು ಒಬ್ಬನ ಕಲ್ಪನೆಯಲ್ಲ, ತಲೆಮಾರುಗಳ ಕೃತಿ ಎಂದರು. ಸೊಂಟದ ಮೇಲೆ, ತಲೆಯ ಮೇಲೆ, ಕೈಯಲ್ಲಿ ಅದು ಕೂರುವ ಬಗೆ, ಸುರಿಯುವ ಬಗೆ, ತೊಳೆಯುವ ಬಗೆಗಳನ್ನೆಲ್ಲ ಅವರು ಒಂದೊಂದಾಗಿ ಎಣಿಸಿದ್ದಾರೆ. ಪಾತ್ರೆಯ ವಿಮರ್ಶೆ ನಮ್ಮ ಹೊಸ ಹುಚ್ಚಲ್ಲವೆಂಬುದಕ್ಕೆ ಆ ವರದಿಯೇ ಸಾಕ್ಷಿ.

ಹಾಗಾದರೆ ಚೊಂಬು ಮಾಡಿದ ನಾಡಿನಲ್ಲಿ ಕೈ ಕೊಯ್ಯುವ ಬೋಗುಣಿ ಹೇಗೆ ಬಂದಿತು? ತಕ್ಕಡಿಯಿಂದ ಬಂದಿತು ಎಂಬುದು ನಮ್ಮ ಉತ್ತರ. ನಮ್ಮಲ್ಲಿ ಸ್ಟೀಲು ಪಾತ್ರೆ ಬಹುಮಟ್ಟಿಗೆ ತೂಕದ ಮೇಲೆ ಮಾರಾಟವಾಗುತ್ತದೆ. ಹಳೆಯ ಸೀರೆ ಪಂಚೆಗಳನ್ನು ಕೊಟ್ಟು ಕೊಳ್ಳುವಾಗಲೂ ಲೆಕ್ಕ ತೂಕದ್ದೇ. ತೂಕಕ್ಕೆ ಹಣ ಕೊಡುವಲ್ಲಿ ರೂಪಕ್ಕೆ ಬೆಲೆಯಿಲ್ಲ. ಅಂಚನ್ನು ಸುತ್ತುವ ಒಂದು ಹೆಚ್ಚಿನ ಕೆಲಸಕ್ಕೆ ಕೂಲಿ ತೆತ್ತವನಿಗೂ, ಅರದಿಂದ ಉಜ್ಜಿ ಬಿಟ್ಟವನಿಗೂ ಸಿಗುವುದು ಒಂದೇ ದರ. ಇನ್ನು ನಮ್ಮ ಪಾತ್ರೆಗಳ ಮೇಲೂ ಹೆಸರಿರುತ್ತದೆ, ಚುಕ್ಕೆ ಚುಕ್ಕೆಯಾಗಿ ಕೊರೆಸಿದ್ದು. ಆದರೆ ಅದು ಮಾಡಿದವನದಲ್ಲ, ಮದುವೆಗೋ ಗೃಹಪ್ರವೇಶಕ್ಕೋ ಉಡುಗೊರೆ ಕೊಟ್ಟವನದು. ಅಂಕಿತಗಳಲ್ಲಿ ಇದು ಮೂರನೆಯ ಬಗೆ. ಇದರ ಮೀಮಾಂಸೆಯನ್ನು ಬೇರೆ ಯಾರಾದರೂ ಬರೆದಾರು.

ಇದು ಬರಿಯ ರಸಿಕತೆಯ ಪ್ರಶ್ನೆಯಲ್ಲವೆಂದು ನಮಗೆ ತೋರುವುದು ಶಾಲೆಯ ಅಡುಗೆಮನೆಯಲ್ಲಿ. ೧೯೮೨ರಲ್ಲಿ ತಮಿಳುನಾಡಿನ ಹಳ್ಳಿಗಳ ಶಾಲೆಗಳಲ್ಲಿ ಮಧ್ಯಾಹ್ನದ ಊಟದ ಯೋಜನೆ ವಿಸ್ತಾರಗೊಂಡಿತು. ೨೦೨೨ರಿಂದ ಪ್ರಾಥಮಿಕ ಶಾಲೆಯ ಮಕ್ಕಳಿಗೆ ಬೆಳಗಿನ ಉಪಾಹಾರವೂ ಸೇರಿತು. ಎರಡು ಹೊತ್ತಿನ ಪಾತ್ರೆಗಳನ್ನು ತಿಕ್ಕುವ ಅಮ್ಮಂದಿರ ಕೈಗಳನ್ನು ನಾವು ದಿನವೂ ನೋಡುತ್ತೇವೆ. ಹೆಬ್ಬೆರಳಿನ ಬುಡದಲ್ಲಿ, ತೋರುಬೆರಳಿನ ಒಳಮಗ್ಗುಲಲ್ಲಿ ಅಡ್ಡಡ್ಡವಾಗಿ ಗಾಯದ ಗೆರೆಗಳು. ಸೋಪಿನ ನೀರು ತಾಗಿದರೆ ಉರಿ. ಗಾಯ ಎಲ್ಲಿಂದಾಯಿತೆಂದು ಕೇಳಿದರೆ 'ಪಾತ್ರೆ ಅಂಚು ಸಾಮಿ, ಇದ್ದದ್ದೇ' ಎನ್ನುತ್ತಾರೆ. ಇದ್ದದ್ದೇ ಆಗಬೇಕಾದ್ದಿಲ್ಲವೆಂಬುದನ್ನು ೧೩ ಸೆಂಟಿಮೀಟರಿನ ಒಂದು ಬೋಗುಣಿ ನಮಗೆ ತೋರಿಸಿಕೊಟ್ಟಿದೆ.

ಎರವಲು ತಂದ ಬೋಗುಣಿಗಳನ್ನು ಹಿಂದಿರುಗಿಸುವ ಮೊದಲು ಅವುಗಳಲ್ಲಿ ಒಂದನ್ನು ಚೀಲದಲ್ಲಿ ಹಾಕಿಕೊಂಡು ಸಂತೆಯ ಪಾತ್ರೆ ವ್ಯಾಪಾರಿಯ ಬಳಿಗೆ ಹೋದೆವು. ಆತ ಅಂಚಿನ ಸುತ್ತ ಬೆರಳಾಡಿಸಿ, ಉಗುರಿನಿಂದ ಸಂದು ಹುಡುಕಿ, ಸಿಗದೆ, ತಿರುಗಿಸಿ ತಳ ನೋಡಿ, ಇಂಥದನ್ನು ಸುತ್ತಿಸಿ ಮಾಡಿಸುವುದು ತಮ್ಮವರಿಗೂ ಬರುತ್ತದೆಂದೂ ದೊಡ್ಡ ಪಾತ್ರೆಗಳಿಗೆ ಮಾಡಿಸುತ್ತಾರೆಂದೂ ಹೇಳಿದರು. ಬೋಗುಣಿಗೇಕೆ ಮಾಡಿಸುವುದಿಲ್ಲವೆಂದು ಕೇಳಿದೆವು. 'ಯಾರು ಕೇಳ್ತಾರೆ ಮೇಷ್ಟ್ರೇ?' ಎಂದರು. ಶಾಲೆಯ ಅಡುಗೆಮನೆಗೆ ಮುಂದಿನ ಸಲ ಪಾತ್ರೆ ಕೊಳ್ಳುವಾಗ ಅಂಚು ಸುತ್ತಿದ ಹನ್ನೆರಡು ಬೋಗುಣಿಗಳಿಗೆ ಎಷ್ಟಾಗುತ್ತದೆಂದು ಕೇಳಿ, ಆತ ಹೇಳಿದ ದರವನ್ನು ಬರೆದುಕೊಂಡು ಬಂದಿದ್ದೇವೆ. ಕಿಲೋ ಲೆಕ್ಕದಲ್ಲಲ್ಲ, ಬೋಗುಣಿಯೊಂದಕ್ಕೆ ಇಷ್ಟು ಎಂಬ ಲೆಕ್ಕದಲ್ಲಿ.